ತಲೆಯ ಮೇಲೆ ಗೀಟಿರುವ ಅಕ್ಷರಗಳು

ಅಧ್ಯಕ್ಷತೆ ವಹಿಸಿರುವ ಮ್ಯಾನೇಜರ್ ಸಾಹೇಬರೇ, ಅತಿಥಿಗಳೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಟೈಪಿಂಗ್ ಅಕ್ಕನವರೇ, ಮತ್ತು ಹಿಂದಿನ ಸಾಲಿನವರೆಗೂ ತುಂಬಿರುವ ಸಭಿಕರೇ,

ನನಗೆ ಮದುವೆಯಾಗಿ ಇಂದಿಗೆ ಹತ್ತೊಂಬತ್ತು ದಿನ. ಮಾತಿನ ನಡುವೆ ನನ್ನ ಗಂಡ ನುಸುಳಿದರೆ ಕ್ಷಮಿಸಿ. ಮನೆಯಲ್ಲೂ ಅವರು ಹಾಗೆಯೇ, ಕರೆಯದೇ ಬರುತ್ತಾರೆ!

ಅಕ್ಕ ನನಗೇನು ಮಾಡಿದರು? ನನ್ನ ಮದುವೆ ಮಾಡಿಸಿದರು. ಹೌದು, ಮದುವೆಯನ್ನೇ!

ನಮ್ಮ ಮುದ್ರಣಾಲಯಕ್ಕೆ ಫ್ರೆಂಚ್ ಪಾಠಪುಸ್ತಕ ಬಂದಿತ್ತು. ಅದರ ಅಕ್ಷರಗಳಿಗೆ ತಲೆಯ ಮೇಲೆ ಗೀಟು, ಕೆಲವಕ್ಕೆ ಕಾಲಡಿಯಲ್ಲಿ ಕೊಂಡಿ. ಆಲ್ಟ್ ಕೀ ಒತ್ತಿ ಹಿಡಿದು ಅಂಕಿ ಹೊಡೆದರೆ ಬರುತ್ತವೆ ಎಂದು ಎಲ್ಲೋ ಓದಿದ್ದೆ. ಹೊಡೆದೆ, ಬರಲಿಲ್ಲ. ಕೇಳಲು ನಾಚಿಕೆ. ಏನು ಮಾಡಿದೆ ಗೊತ್ತೇ? ಗೀಟಿಲ್ಲದೆ ಟೈಪ್ ಮಾಡಿ, ಪ್ರಿಂಟ್ ತೆಗೆದು, ಕಪ್ಪು ಪೆನ್ನಿನಿಂದ ನಲವತ್ತು ಪುಟಕ್ಕೂ ನಾನೇ ಗೀಟೆಳೆದೆ. ಸಾಹೇಬರು ನೋಡಿ "ಬಹಳ ಚೊಕ್ಕ" ಎಂದರು. ಸಾಹೇಬರೇ, ಇಂದು ಒಪ್ಪಿಕೊಳ್ಳುತ್ತಿದ್ದೇನೆ.

ಗುರುವಾರ ಸಂಜೆ ಅವರೇ ಬಂದು, "ಪ್ರಿಂಟ್ ಸಾಲದು, ಶುಕ್ರವಾರ ಹನ್ನೆರಡರೊಳಗೆ ಫೈಲ್ ಕೊಡು. ಆಮೇಲೆ ನಿನ್ನ ರಜೆ" ಎಂದರು. ಭಾನುವಾರ ನನ್ನ ಮದುವೆ! ಫೈಲಿನಲ್ಲಿ ಒಂದೇ ಒಂದು ಗೀಟಿರಲಿಲ್ಲ.

ಶುಕ್ರವಾರ ಬಾಗಿಲು ತೆರೆಯುತ್ತಲೇ ಅಕ್ಕನ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ.

"ಅತ್ರೆ ಅಕ್ಷರಕ್ಕೆ ಗೀಟು ಬರಲ್ಲ ಕಣೇ. ಹೊಡಿ, ನೋಡೋಣ."

ಹೊಡೆದೆ.

"ಅಯ್ಯೋ ಹುಚ್ಚಿ, ಮೇಲಿನ ಸಾಲಿನ ಅಂಕಿ ಯಾಕೆ ಒತ್ತೀಯ? ಬಲಗಡೆ ಇರೋ ನಂಬರ್ ಪ್ಯಾಡ್ ಯಾರಪ್ಪನ ಮನೇದು?"

ಅಷ್ಟೇ! ಸೊನ್ನೆ, ಎರಡು, ಮೂರು, ಮೂರು. ಕೈ ಬಿಟ್ಟೊಡನೆ ಪರದೆಯ ಮೇಲೆ ಗೀಟು ಹೊತ್ತ ಅಕ್ಷರ! ನನ್ನವರು ನನ್ನನ್ನು ಒಪ್ಪಿದ ದಿನವೂ ನಾನು ಅಷ್ಟು ಜೋರಾಗಿ ಕಿರುಚಿರಲಿಲ್ಲ. (ಅವರು ಮೂರನೆಯ ಸಾಲಿನಲ್ಲಿದ್ದಾರೆ, ತಿರುಗಿ ನೋಡಬೇಡಿ.)

ಅಕ್ಕ ತಮ್ಮ ಕೆಲಸ ಬದಿಗಿಟ್ಟು, ಪೆನ್ನಿನ ಗೀಟುಗಳ ಮೇಲೆ ಬೆರಳಿಟ್ಟು ಅಂಕಿಗಳನ್ನು ಓದುತ್ತಾ ಹೋದರು, ನಾನು ಒತ್ತುತ್ತಾ ಹೋದೆ. ನಡುವೆ ಇಣುಕಿದ ಸಾಹೇಬರಿಗೆ, "ಪುಟ ಪರಿಶೀಲನೆ ನಡೀತಿದೆ ಸರ್" ಎಂದರು. ಅದು ಸುಳ್ಳಲ್ಲವಲ್ಲ?

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಫೈಲ್ ಹೋಯಿತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಕುರ್ಚಿಯಲ್ಲೇ ಒರಗಿದೆ. ಅಕ್ಕ ನನ್ನ ಕಂಪ್ಯೂಟರನ್ನು ತಾವೇ ಆಫ್ ಮಾಡಿದರು.

"ಏಳೇ, ಹೋಗಿ ಮದುವೆ ಆಗು. ಸೋಮವಾರ ಇಲ್ಲಿ ಮುಖ ತೋರಿಸಿದ್ರೆ ನಾನೇ ಒದ್ದು ಓಡಿಸ್ತೀನಿ."

ಅಕ್ಕಾ, ಹೋದೆ, ಆದೆ, ಬಹಳ ಸಂತೋಷವಾಗಿದ್ದೇನೆ. ಕೇಳಿದ ನಿಮಗೆಲ್ಲ, ಕ್ಷಮಿಸಲಿರುವ ಸಾಹೇಬರಿಗೆ ಧನ್ಯವಾದ. ನಮಸ್ಕಾರ.