ಬೆನ್ನಿಗೆ ನಿಂತವನು

ಮಳೆ ಮಧ್ಯಾಹ್ನವೇ ಹಿಡಿದುಕೊಂಡಿತ್ತು. ಅಳತೆ ಕೊಟ್ಟು ಹತ್ತು ನಿಮಿಷದಲ್ಲಿ ಹೊರಡುತ್ತೇವೆಂದು ಬಂದ ನಾವು ನಾಲ್ವರು ಸಂಜೆ ಆರಾದರೂ ಆ ಮಹಡಿಯ ಮೇಲಿನ ಹೊಲಿಗೆ ಅಂಗಡಿಯಲ್ಲೇ ಸಿಕ್ಕಿಕೊಂಡಿದ್ದೆವು. ಕೆಳಗೆ ಬೀದಿಯಲ್ಲಿ ನೀರು ಮೊಣಕಾಲ ಮಟ್ಟಕ್ಕೆ ಹರಿಯುತ್ತಿತ್ತು. ಕರೆಂಟು ಹೋಗಿ ಎಷ್ಟೋ ಹೊತ್ತಾಗಿತ್ತು. ಅಂಗಡಿಯ ಒಡತಿ ಎಂಬತ್ತು ದಾಟಿದವಳು. ಐವತ್ತು ವರ್ಷಗಳಿಂದ ನೃತ್ಯ ಮಾಡುವವರಿಗೆಲ್ಲ ಉಡುಪು ಹೊಲಿದುಕೊಟ್ಟ ಆಕೆಯನ್ನು ನಾವು ದರ್ಜಿ ಅಜ್ಜಿ ಎಂದೇ ಕರೆಯುತ್ತಿದ್ದೆವು. ಅವಳು ಯಂತ್ರದ ಮೇಲೊಂದು ಮೇಣದ ಬತ್ತಿ ಹಚ್ಚಿಟ್ಟು, ನಮ್ಮ ಗೆಳತಿಯ ಬೆನ್ನಿನ ಅಳತೆ ಹಿಡಿಯುತ್ತಿದ್ದಳು.

"ಬೆನ್ನಿನ ಹತ್ತಿರ ಸ್ವಲ್ಪ ಸಡಿಲ ಬಿಡಿ ಅಜ್ಜಿ," ಎಂದಳು ಗೆಳತಿ. "ನೃತ್ಯದಲ್ಲಿ ಹಿಂದಕ್ಕೆ ಬೀಳೋದಿದೆ."

ಅಜ್ಜಿಯ ಕೈಯಲ್ಲಿದ್ದ ಟೇಪು ಅಲ್ಲೇ ನಿಂತಿತು. "ಹಿಡಿಯೋರು ಯಾರು?"

ಗೆಳತಿಯ ಜೊತೆಗಾರ ನಗುತ್ತ ಕೈಯೆತ್ತಿದ. ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸ್ಟೂಲು ಎಳೆದುಕೊಂಡು ಕೂತಳು.

"ಕೂತ್ಕೊಳ್ಳಿ ಎಲ್ಲರೂ. ಹೇಗಿದ್ರೂ ಮಳೆ ಬಿಡಲ್ಲ. ನನಗಾಗ ನಲವತ್ತು ದಾಟಿತ್ತು. ಹೊಳೆ ದಂಡೆಲಿ ಮುಚ್ಚಿಹೋದ ಒಂದು ನೂಲಿನ ಗಿರಣಿ, ಅದನ್ನ ಯಾರೋ ಪುಣ್ಯಾತ್ಮರು ರಿಪೇರಿ ಮಾಡಿಸಿ ಕಲಾವಿದರಿಗೆ ಅಂತ ಬಿಟ್ಟುಕೊಟ್ಟಿದ್ರು. ಆರು ವಾರ ಅಲ್ಲೇ ಇರೋದು, ಊಟ ತಿಂಡಿ ಅವರದ್ದೇ, ಹೊಸದೇನಾದ್ರೂ ಕಟ್ಟಿ ಕೊನೇ ದಿನ ನಾಲ್ಕು ಜನರ ಮುಂದೆ ತೋರಿಸೋದು... ರೆಸಿಡೆನ್ಸಿ ಅಂತೀರಲ್ಲ ನೀವು, ಅದೇ. ನನಗೆ ಅಲ್ಲಿ ಉಡುಪಿನ ಕೆಲಸ. ಮೇಲ್ಮಹಡಿಲಿ ಉದ್ದಾನುದ್ದ ಮರದ ನೆಲದ ಹಾಲ್, ಅದರ ಮೂಲೆಲಿ ನನ್ನ ಯಂತ್ರ.

"ಆ ವರ್ಷ ಬಂದೋರು ಗಂಡ ಹೆಂಡತಿ. ಅವನು ಆರಡಿ ಮೇಲಿದ್ದ, ನಾನು ಮನಸ್ಸಲ್ಲೇ ಕಂಬ ಅಂತ ಹೆಸರಿಟ್ಟೆ. ಅವಳು ಇಷ್ಟೇ ಇಷ್ಟು, ಅವನು ಅವಳನ್ನ ಗುಬ್ಬಿ ಅಂತ ಕರೀತಿದ್ದ. ಹತ್ತು ವರ್ಷ ಜೊತೇಲಿ ಕುಣಿದೋರು. ಆದ್ರೆ ಎರಡು ವರ್ಷದ ಹಿಂದೆ ಒಂದು ಪ್ರದರ್ಶನದಲ್ಲಿ ಗುಬ್ಬಿ ಹಿಂದಕ್ಕೆ ಬಿದ್ದಾಗ ಇವನ ಕೈ ಜಾರಿ ಅವಳ ಹೆಗಲ ಮೂಳೆ ಮುರಿದಿತ್ತು. ಕೈ ಹಿಡಿದೋನೇ ಕೈ ಕೊಟ್ಟ ಅಂದ್ರೆ ಹೇಗಿರುತ್ತೆ ಹೇಳಿ? ಮೂಳೆ ಕೂಡ್ತು, ಮನಸ್ಸು ಕೂಡ್ಲಿಲ್ಲ. ಆಮೇಲೆ ಅವಳು ಅವನ ಕೈಗೆ ಬಿದ್ದೇ ಇಲ್ಲ. ಅದನ್ನ ಮತ್ತೆ ಕಲಿಯೋಕೆ ಅಂತಲೇ ಅಲ್ಲಿಗೆ ಬಂದಿದ್ದು. ಇಲ್ಲೂ ಆಗದಿದ್ರೆ ಜೋಡಿ ಮುರೀತು ಅನ್ನೋದು ಇಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳಿರ್ಲಿಲ್ಲ ಅಷ್ಟೆ.

"ಮೊದಲ ವಾರ ಪೂರ್ತಿ ಅವಳು ಬೆನ್ನು ಮಾಡಿ ನಿಲ್ಲೋಳು, ಅವನು ಕೈ ಚಾಚೋನು, ಅವಳು ಕಣ್ಣು ಮುಚ್ಚೋಳು... ಇನ್ನೇನು ಬಿದ್ಲು ಅನ್ನೋವಾಗ ಅವಳ ಒಂದು ಕಾಲು ತಾನಾಗೇ ಹಿಂದಕ್ಕೆ ಹೋಗಿ ನೆಲ ಹಿಡಿಯೋದು. 'ಸಾರಿ ಕಣೋ' ಅನ್ನೋಳು. 'ಪರವಾಗಿಲ್ಲ ಬಿಡು' ಅನ್ನೋನು. ದಿನಕ್ಕೆ ನಲವತ್ತು ಸಲ ಪರವಾಗಿಲ್ಲ ಅಂದ್ರೆ, ಪರವಾಗಿದೆ ಅಂತಲೇ ಅರ್ಥ ಅಲ್ವಾ?

"ಎರಡನೇ ವಾರ, ಒಂದು ಮಧ್ಯಾಹ್ನ. ಕಂಬ ಊಟ ಮಾಡಿ ಕೆಳಗೆ ಮಲಗಿದ್ದ. ಹಾಲ್ ತುಂಬ ಬಿಸಿಲು. ನಾನು ಮೂಲೆಲಿ ಅಂಚು ಮಡಚಿ ಹೊಲೀತಿದ್ದೆ. ದಾರ ಕಚ್ಚಿ ತಲೆ ಎತ್ತಿ ನೋಡ್ತೀನಿ... ಗುಬ್ಬಿ ಒಬ್ಬಳೇ ನಡುಮಧ್ಯೆ ಹಿಂದಕ್ಕೆ ವಾಲಿದ್ಲು. ಗೋಡೆಗೆ ಒರಗಿಸಿಟ್ಟ ಏಣಿ ಹೇಗಿರುತ್ತೆ, ಹಾಗೆ. ಆದ್ರೆ ಗೋಡೆ ಎಲ್ಲಿ? ಎರಡು ಹಿಮ್ಮಡಿ ನೆಲದ ಮೇಲೆ, ಮಿಕ್ಕ ಮೈಯೆಲ್ಲ ಗಾಳಿಲಿ. ಕಣ್ಣು ಮುಚ್ಚಿ ನಗ್ತಿದ್ಲು.

"ನಾನು ಬಟ್ಟೆಯೋಳು, ನನ್ನ ಕಣ್ಣು ಮೊದಲು ಹೋಗೋದು ಬಟ್ಟೆಗೇ. ನಾನೇ ಹೊಲಿದ ಬೂದು ಬಣ್ಣದ ಅಂಗಿ. ಬೆನ್ನ ನಡುವೆ ಆ ಬಟ್ಟೆ ಒಳಕ್ಕೆ ಒತ್ತಿಕೊಂಡಿತ್ತು... ಒಂದು ಅಂಗೈ, ಐದು ಬೆರಳು, ಬೆರಳಿನ ಸುತ್ತ ನೆರಿಗೆ. ಸೊಂಟದ ಹತ್ರ ಇನ್ನೊಂದು. ಕೈ ಕಾಣಿಸ್ತಿರ್ಲಿಲ್ಲ. ಕೈ ಇರೋದು ಕಾಣಿಸ್ತಿತ್ತು.

"'ಯಾವಾಗ ಬಂದ್ಯೋ? ನಿದ್ದೆ ಆಯ್ತಾ?' ಅಂತ ಅವಳು ತಿರುಗಿ ನೋಡಿದ್ಲು. ಯಾರೂ ಇಲ್ಲ. ಆಮೇಲೆ ನನ್ನ ಮುಖ ನೋಡಿದ್ಲು, ನಾನು ಏನು ಕಂಡೆ ಅಂತ ಅವಳಿಗೆ ಗೊತ್ತಾಯ್ತು. ಕಿರುಚ್ತಾಳೆ ಅಂದ್ಕೊಂಡೆ. ಇಲ್ಲ. ಹತ್ರ ಬಂದು, 'ಅಕ್ಕಾ, ಅವನಿಗೆ ಹೇಳ್ಬೇಡಿ' ಅಂದ್ಲು. ಎರಡು ವರ್ಷದಿಂದ ಯಾರ ಕೈಗೂ ಬೀಳದೆ ಇದ್ದೋಳು ಅವಳು... ನಾನು ಹೇಗೆ ಹೇಳ್ಲಿ? ಬಾಯಿಗೆ ಬೀಗ ಹಾಕ್ಕೊಂಡೆ. ಅವತ್ತಿಂದ ದಿನಾ ಮಧ್ಯಾಹ್ನ ಅವಳು ಬೀಳೋಳು, ಅದು ಹಿಡಿಯೋದು.

"ಅಲ್ಲಿ ಹಳಬ ಅಂದ್ರೆ ಅಡುಗೆಯವನೊಬ್ಬನೇ. ತಡೀಲಾರದೆ ಒಂದಿನ ಅವನನ್ನ ಕೇಳಿದೆ. ಸೌಟು ಕೆಳಗಿಟ್ಟ. 'ಹಿಡೀತಾ?' ಅಂದ. 'ಗಿರಣಿ ರಿಪೇರಿ ಆದ ಮೊದಲನೇ ವರ್ಷ ಒಬ್ಬ ಬಂದಿದ್ನಮ್ಮ. ಜೊತೆಗಾತಿನ ತಲೆ ಮೇಲೆ ಎತ್ತಿದೋನು ಕೈ ಬಿಟ್ಟ. ಕತ್ತು ಮುರಿದು ಅಲ್ಲೇ ಹೋದ್ಲು. ಇವನು ಅದೇ ಜಾಗದಲ್ಲಿ ಕೈ ಚಾಚಿಕೊಂಡು ಮೊಣಕಾಲೂರಿ ಕೂತುಬಿಟ್ಟ. ಯಾರು ಎಳೆದ್ರೂ ಏಳಲಿಲ್ಲ, ಊಟ ಮುಟ್ಟಲಿಲ್ಲ. ಐದನೇ ದಿನ ಹೋಗಿ ನೋಡಿದ್ರೆ ಪ್ರಾಣ ಇರ್ಲಿಲ್ಲ. ಕೈ ಮಡಿಸೋಕೇ ಆಗಲಿಲ್ಲ ನಮಗೆ. ಚಾಚಿದ ಹಾಗೇ ಹೊತ್ಕೊಂಡು ಹೋದ್ವಿ.'

"ನಾಲ್ಕನೇ ವಾರಕ್ಕೆ ಗುಬ್ಬಿ ಗಂಡನ ಕಡೆಗೂ ಬೀಳೋಕೆ ಶುರು ಮಾಡಿದ್ಲು. ಕಾಲು ಹಿಂದಕ್ಕೆ ಹೋಗ್ತಿರ್ಲಿಲ್ಲ. ಅವನಿಗೆ ಖುಷಿಯೋ ಖುಷಿ... ಎರಡು ದಿನ. ಮೂರನೇ ದಿನ ಅವನ ಮುಖ ಬಿಳಿಚಿಕೊಂಡಿತ್ತು. 'ಗುಬ್ಬಿ, ನಿನ್ನ ಭಾರ ನನ್ನ ಕೈಗೆ ಬರ್ತಾನೇ ಇಲ್ವಲ್ಲೇ' ಅಂದ. ಎಲ್ಲಿಂದ ಬರುತ್ತೆ? ಅವನಿಗೆ ಸಿಗೋ ಮುಂಚೆಯೇ ಅವಳು ಇನ್ನೊಂದು ಕೈಲಿರ್ತಿದ್ಲು. ಅಂಗಿ ಬಿಗಿ ಮಾಡೋವಾಗ ನಾನು ನೋಡಿದೆ, ಅವಳ ಬೆನ್ನ ಮೇಲೆ ಐದು ಬೆರಳಿನ ಗುರುತು ನೀಲಿಗಟ್ಟಿದ್ವು. ಅವತ್ತು ಕಂಬನನ್ನ ಮೆಟ್ಟಿಲ ಹತ್ರ ಕರೆದು ಎಲ್ಲ ಹೇಳಿಬಿಟ್ಟೆ. ಅವನು ನಗಲಿಲ್ಲ, ಬೈಯಲಿಲ್ಲ. 'ನನಗಿಂತ ಚೆನ್ನಾಗಿ ಹಿಡಿಯುತ್ತಾ ಅಕ್ಕಾ?' ಅಂತ ಕೇಳಿದ, ಅಷ್ಟೆ.

"ಕೊನೇ ದಿನ ಬಂತು. ಹಾಡಹಗಲು. ಮೂವತ್ತು ಜನ ಕುರ್ಚಿ ಮೇಲೆ ಕೂತಿದ್ರು. ಕೊನೆಗೆ ಗುಬ್ಬಿ ಮೇಜು ಹತ್ತಿ, ಗಂಡನಿಗೆ ಬೆನ್ನು ಮಾಡಿ, ಮರ ಉರುಳಿದ ಹಾಗೆ ಬಿದ್ಲು. ಅವನು ಕೈ ಚಾಚಿದ್ದ. ಅವನ ಕೈಗಿಂತ ಒಂದು ಗೇಣು ಮೇಲೆ... ನಿಂತುಬಿಟ್ಲು. ಜನ ಚಪ್ಪಾಳೆ ಹೊಡೆದ್ರು. ಏನೋ ತಂತ್ರ ಅಂದ್ಕೊಂಡ್ರು, ಪಾಪ. ನನಗೆ ಮಾತ್ರ ಅಂಗಿ ಬಿಗಿಯೋದು ಕಾಣಿಸ್ತಿತ್ತು. ಅದು ಅವಳನ್ನ ಎದೆಗೆ ಅವಚಿಕೊಳ್ತಿತ್ತು, ಮಗುನ ಅವಚಿಕೊಳ್ಳೋ ಹಾಗೆ. ಗುಬ್ಬಿ ತುಟಿ ನೀಲಿಯಾಯ್ತು, ಕಾಲು ಒದ್ದಾಡಿದ್ವು. ಕಂಬ ಹಿಡಿದು ಎಳೆದ. ಬೆನ್ನು ಬಿಡದ ಬೇತಾಳ ಅಂತಾರಲ್ಲ... ಒಂದಿಂಚು ಅಲ್ಲಾಡಲಿಲ್ಲ. ಚಪ್ಪಾಳೆ ನಿಂತುಹೋಯ್ತು.

"ಆಗ ಅವನು ಮಾಡಿದ್ದೇನು ಗೊತ್ತಾ? ಎಳೆಯೋದು ಬಿಟ್ಟ. ಅವಳ ಕೆಳಗೆ ನೆಲದ ಮೇಲೆ ಅಂಗಾತ ಮಲಗಿದ. ಮಲಗಿ, ಅವಳಿಗಲ್ಲ, ಅವಳ ಹಿಂದಿರೋದಕ್ಕೆ ಹೇಳಿದ. 'ಅಣ್ಣಾ, ನಾನೂ ಬೀಳಿಸಿದೋನೇ. ಬಿಡು. ಅವಳು ಬಿದ್ರೂ ಕೆಳಗೆ ನಾನಿದ್ದೀನಿ.' ಬಟ್ಟೆ ಮೇಲಿನ ಬೆರಳು ಸಡಿಲವಾಗೋದು ನೋಡಿದೆ... ಕಿರುಬೆರಳು ಮೊದಲು, ಆಮೇಲೆ ಪಕ್ಕದ್ದು, ಒಂದೊಂದಾಗಿ. ಧಡ್ ಅಂತ ಬಿದ್ಲು ಅವನ ಮೇಲೆ. ಅವನ ಎರಡು ಪಕ್ಕೆಲುಬು ಮುರಿದ ಸದ್ದು ನನಗೆ ಕೇಳಿಸ್ತು. ಆ ನೋವಲ್ಲೂ ಅಳ್ತಾ ನಗ್ತಾ ಅಂತಾನೆ, 'ಗುಬ್ಬೀ, ಎಷ್ಟು ಭಾರ ಇದ್ದೀಯೇ!' ಅಂತ. ಆಮೇಲೆ ಇಪ್ಪತ್ತು ವರ್ಷ ಕುಣಿದ್ರು ಇಬ್ಬರೂ. ಚೆನ್ನಾಗಿ ಬಾಳಿದ್ರು."

ಅಜ್ಜಿ ಕೈಯಲ್ಲಿದ್ದ ಟೇಪನ್ನು ಸುತ್ತತೊಡಗಿದಳು. ಗೆಳತಿ ತನಗೇ ತಿಳಿಯದಂತೆ ಜೊತೆಗಾರನ ತೋಳು ಹಿಡಿದುಕೊಂಡಿದ್ದಳು. ನನಗೆ ಕತೆ ಮುಗಿದಂತೆ ಅನ್ನಿಸಲಿಲ್ಲ.

"ಮತ್ತೆ... ಅದು?" ಎಂದೆ.

"ಅದಾ..." ಅಜ್ಜಿ ಬತ್ತಿಯ ಕಡೆ ನೋಡಿದಳು. "ಅವತ್ತು ಎಲ್ಲರೂ ಹೋದ ಮೇಲೆ ಉಡುಪಿನ ಗಂಟು ಹೊತ್ಕೊಂಡು ಮೆಟ್ಟಿಲಿಳೀತಿದ್ದೆ. ಕಡಿದಾದ ಕಬ್ಬಿಣದ ಮೆಟ್ಟಿಲು. ಕಾಲು ಜಾರ್ತು. ಬೀಳಲಿಲ್ಲ... ಬೆನ್ನ ನಡುವೆ ಐದು ಬೆರಳು. ಹೆದರಿಕೆಲಿ ಬಾಯಿಗೆ ಏನು ಬರುತ್ತೆ ಹೇಳಿ? ನಿಮಗಾದ್ರೂ ಏನು ಬರ್ತಿತ್ತು? 'ಬಿಡಬೇಡಪ್ಪಾ, ಬಿಡಬೇಡ' ಅಂದುಬಿಟ್ಟೆ. ಹೇಳಿದ ಮಾತು ಕೇಳೋ ಅಂಥದ್ದು ಅದು, ಪಾಪ.

"ದಿನಾ ಹಾಸಿಗೆ ಹಾಸಿ ಮಲಗ್ತೀನಿ. ಬೆಳಗ್ಗೆ ಎದ್ದು ನೋಡಿದ್ರೆ ಹಾಸಿದ ಬಟ್ಟೆ ಇಸ್ತ್ರಿ ಮಾಡಿಟ್ಟ ಹಾಗಿರುತ್ತೆ, ಒಂದು ಸುಕ್ಕಿಲ್ಲ. ಹಾಸಿಗೆ ನನ್ನ ಬೆನ್ನಿಗೆ ತಗುಲಿ ನಲವತ್ತೊಂದು ವರ್ಷ ಆಯ್ತು. ಹೋದ ವರ್ಷ ಆಸ್ಪತ್ರೆಲಿ ಡಾಕ್ಟರು ಕೈಚೆಲ್ಲಿದ್ರು. ನನಗೂ ಗೊತ್ತಾಗ್ತಿತ್ತು... ಕೆಳಕ್ಕೆ, ಕೆಳಕ್ಕೆ ಹೋಗ್ತಿದ್ದೆ, ಹಾಯಾಗಿತ್ತು. ಸಾಯೋದು ಅಂದ್ರೂ ಒಂಥರಾ ಬೀಳೋದೇ ಕಣ್ರೋ. ಅರ್ಧ ದಾರಿಲಿ ಹಿಡ್ಕೊಳ್ತು.

"ಬಿಡು ಅಂತ ದಿನಾ ಹೇಳ್ತೀನಿ. ಕೇಳಿಸ್ಕೊಳ್ಳುತ್ತೆ, ಈಗಲೂ ಕೇಳಿಸ್ಕೊಳ್ತಾ ಇದೆ. ಆದ್ರೆ ಕೆಳಗೆ ಯಾರಾದ್ರೂ ಇದ್ರೆ ತಾನೇ ಅದು ಬಿಡೋದು? ನಾನು ಒಂಟಿ ಮುದುಕಿ... ನನಗೋಸ್ಕರ ಕೆಳಗೆ ಯಾರಿದ್ದಾರೆ?"