ಶೆಟರಿನ ಕೆಳಗಿನ ಇಟ್ಟಂಗಿ

ಲೈಟು ಹಚ್ಚಬೇಡಿ, ಹೀಗೇ ಇರಲಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ನಮ್ಮ ದೊಡ್ಡವ್ವನ ಮಗ ಶಿವಯೋಗೀಶನಿಗೆ ಆದದ್ದು. ನಂಬದವರು ಆ ಕಡೆ ಹೊರಳಿ ಮಲಗಿ, ನನ್ನದೇನೂ ತಕರಾರಿಲ್ಲ.

ಅವತ್ತು ಕತ್ತಲಾದ ಮೇಲೆ ಶಿವಯೋಗೀಶ ಗಬ್ಬೂರ ಬೈಪಾಸಿನ ಬದಿಗೆ ಸ್ಕೂಟರ್ ನಿಲ್ಲಿಸಿ, ಹಾಳುಬಾವಿಯ ಪಕ್ಕದ ಕಾಲುದಾರಿ ಹಿಡಿದು ನಡೆದ. ಅಪ್ಪನ ಕಡಲೆ ಗೋದಾಮಿನ ಮುಂದೆ ಸ್ಕೂಟರ್ ಕಂಡರೆ ಅವನಿಗೆ ಸುದ್ದಿ ಮುಟ್ಟುತ್ತದೆ. ಅವಸರದಲ್ಲಿ ಮೊಬೈಲನ್ನೂ ಸ್ಕೂಟರಿನ ಡಿಕ್ಕಿಯಲ್ಲೇ ಬಿಟ್ಟ. ಬಾವಿಕಟ್ಟೆಯ ಹತ್ತಿರ ದಾನವ್ವನ ಚಹಾದಂಗಡಿ. ಆಕೆ ಬುಡ್ಡಿ ದೀಪದ ಹಾಗೆ ಸಣ್ಣಗೆ ಉರಿಯುವ ಬಲ್ಬಿನ ಕೆಳಗೆ ಕೂತಿದ್ದಳು.

"ಎಲ್ಲಿಗಪ್ಪ?" ದನಿ ಪಿಸುಗುಟ್ಟಿದ ಹಾಗಿತ್ತು.

"ಇಲ್ಲೇ... ಗಿಟಾರ್ ತಗೊಂಡ ಹೊಳ್ಳಿ ಬರ್ತೇನಿ. ಅಪ್ಪಗ ಹೇಳಬ್ಯಾಡವ್ವ."

"ಇವತ್ತ ಗುಳಿಗಿ ಇಡಾಕತ್ತಾರ." ಆಕೆ ಗೋದಾಮಿನತ್ತ ಕೈ ತೋರಿದಳು. "ಹಮಾಲ ಮಜೀದ ಶೆಟರ್ ಎಳಿಯೂ ಮುಂದ ಕೂಗ್ತಾನ. ಒಳಗಿದ್ರ 'ಅದೇನಿ' ಅನ್ನಪ್ಪ. ಸುಮ್ಮಕ ಇರಬ್ಯಾಡ."

ಆಕೆ ಹಾಗೆ ಹೇಳಲು ಕಾರಣವಿತ್ತು. ಆಕೆಯ ಗಂಡ ಹನುಮಂತಪ್ಪ ಅದೇ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದವನು. ಮಧ್ಯಾಹ್ನ ಉಂಡು ಚೀಲಗಳ ಸಂದಿಯಲ್ಲಿ ಮಲಗಿದ್ದ. ಯಾರೂ ಕೂಗಲಿಲ್ಲ. ಹುಳಕ್ಕೆ ಗುಳಿಗೆ ಇಟ್ಟು, ಶೆಟರ್ ಎಳೆದು, ಗ್ಯಾಸು ಹೊರಗೆ ಹೋಗದಂತೆ ಅಂಚಿಗೆಲ್ಲ ಟೇಪು ಹಚ್ಚಿ ಹೋದರು. ಅವನು ಒಳಗಿಂದ ಎಷ್ಟು ಬಡಿದನೋ, ಎಷ್ಟು ಒದರಿದನೋ... ದೇವರಿಗೇ ಗೊತ್ತು. ಅಂದಿನಿಂದ ಅಲ್ಲಿಯ ಹಮಾಲರು ಒಂದು ಪದ್ಧತಿ ಇಟ್ಟುಕೊಂಡಿದ್ದಾರೆ. ಎಳೆಯುವ ಮೊದಲು ಶೆಟರನ್ನು ಅಂಗೈಯಿಂದ ಮೂರು ಸಲ ತಟ್ಟಬೇಕು, ಕೂಗಬೇಕು, ತಗಡಿಗೆ ಕಿವಿ ಹಚ್ಚಿ ಕಾಯಬೇಕು. ಒಳಗಿನಿಂದ 'ಅದೇನಿ', ಅಂದರೆ ಇದ್ದೇನೆ, ಅಂತ ಉತ್ತರ ಬಂದರೆ ಎಳೆಯುವ ಹಾಗಿಲ್ಲ, ಮಾಲಕ ಬೈದರೂ ಅಷ್ಟೇ.

ಈಗ ಕೇಳಿ, ಕಡಲೆ ಗೋದಾಮಿನಲ್ಲಿ ಗಿಟಾರಿಗೇನು ಕೆಲಸ ಅಂತ. ಶಿವಯೋಗೀಶನಿಗೆ ಬೇಸ್ ಗಿಟಾರಿನ ಹುಚ್ಚು. ದಪ್ಪ ತಂತಿ, ಎದೆಯೊಳಗೆ ಹೋಗಿ ಕೂರುವ ದನಿ. ಮನೆಯಲ್ಲಿ ಬಾರಿಸಿದರೆ ಅವರಪ್ಪ ಕುಬೇರಪ್ಪ, "ಏನ ಗಿರಣಿ ಹಚ್ಚೀಯೇನಲೇ?" ಅನ್ನುತ್ತಿದ್ದ. ಅದಕ್ಕೇ ಅಪ್ಪ ಬಾಡಿಗೆಗೆ ಹಿಡಿದ ಈ ಗೋದಾಮಿನ ಮೂಲೆಯಲ್ಲಿ ಇವನ ತಾಲೀಮು. ಚೀಲಗಳು ದನಿ ನುಂಗುತ್ತವೆ, ಹೊರಗೆ ಒಂದು ಚೂರೂ ಕೇಳುವುದಿಲ್ಲ. ಇದೇ ಛಲೋ ಆಯಿತು ಅಂತ ಹಿಗ್ಗಿದ್ದ, ಪುಣ್ಯಾತ್ಮ. ಬೇಸಿಗೆ ತಕ್ಕ ದೊಡ್ಡ ಆಂಪ್, ಅಂದರೆ ದನಿ ಜೋರು ಮಾಡುವ ಸ್ಪೀಕರಿನ ಪೆಟ್ಟಿಗೆ, ಅವನ ಹತ್ತಿರ ಇರಲಿಲ್ಲ. ಗೆಳೆಯ ಉದಯಕುಮಾರನ ಹಳೇ ಗಿಟಾರ್ ಆಂಪ್ ತಂದಿಟ್ಟುಕೊಂಡಿದ್ದ. ಕೊಡುವಾಗಲೇ ಅವನು ಹೇಳಿದ್ದ: "ಲೇ, ಇದು ಸಾದಾ ಗಿಟಾರಿಂದು. ಬೇಸ್ ಸಣ್ಣಗ ಬಾರಸ್ಕೊ. ಜೋರ ಮಾಡಿದ್ಯೋ, ಸ್ಪೀಕರಿನ ಕಾಗದ ಹರೀತದ."

ವಾರದೊಳಗೆ ಅವನು ಬಾರಿಸಬೇಕಾದ ಕಾರ್ಯಕ್ರಮವಿತ್ತು. ಗುಳಿಗೆ ಇಟ್ಟರೆ ಅಲ್ಲಿಯತನಕ ಗೋದಾಮು ತೆಗೆಯುವುದಿಲ್ಲ. ಗಿಟಾರು, ಆಂಪು ಎರಡೂ ಒಳಗೆ.

ಅರ್ಧ ಎತ್ತಿದ ಶೆಟರಿನ ಕೆಳಗೆ ನುಸುಳಿದ. ಹಮಾಲರ ಹಿರಿಯ ಅಬ್ದುಲಮಜೀದ ಆಚೆ ಬದಿಯಲ್ಲಿ ಇತ್ತ ಬೆನ್ನು ಮಾಡಿ ಚೀಲದ ಸಾಲಿಗೆ ಪ್ಲಾಸ್ಟಿಕ್ ಹೊದಿಸುತ್ತಿದ್ದ. ಹೊರಗೆ ಹೊರಟರೆ ಕಣ್ಣಿಗೆ ಬೀಳುತ್ತೇನೆ ಅಂದುಕೊಂಡು ಇವನು ಚೀಲಗಳ ಮರೆಯ ಮೂಲೆಯಲ್ಲಿ ಕೂತ. ಮಜೀದ ಆ ಕಡೆ ಸರಿಯಲಿ... ಅಲ್ಲಿಯತನಕ ಒಂದೇ ಒಂದು ಹಾಡು. ಹೆಡ್‌ಫೋನನ್ನು ಆಂಪಿಗೆ ಸಿಕ್ಕಿಸಿ, ಕಿವಿಗೆ ಹಾಕಿಕೊಂಡು, ಕಣ್ಣು ಮುಚ್ಚಿದ.

ಮಜೀದ ತಟ್ಟಿದ. ಕೂಗಿದ. ತಗಡಿಗೆ ಕಿವಿ ಹಚ್ಚಿ ಕಾದ. ಪದ್ಧತಿ ತಪ್ಪಲಿಲ್ಲ ಅವನು.

ಹಾಡು ಮುಗಿದು ಶಿವಯೋಗೀಶ ಕಣ್ಣು ಬಿಟ್ಟಾಗ... ಕತ್ತಲು. ಆಂಪಿನ ಕೆಂಪು ದೀಪ ಒಂದೇ. ಹೆಡ್‌ಫೋನ್ ತೆಗೆದ. ಹೊರಗಿನಿಂದ ಟೇಪು ಎಳೆಯುವ ಸದ್ದು, ಚರ್ರ್... ಚರ್ರ್... ಆಮೇಲೆ ಅದೂ ನಿಂತಿತು.

"ಮಜೀದ ಕಾಕಾ!"

ದನಿ ಬಾಯಿಂದ ಹೊರಟು ಎರಡು ಮಾರು ಹೋಗಲಿಲ್ಲ. ಚೀಲಗಳು ನುಂಗಿದವು. ಓಡಿ ಹೋಗಿ ಶೆಟರ್ ಬಡಿದ, ಒದ್ದ, ಕೆಳಗೆ ಬೆರಳು ತೂರಿಸಿ ಎತ್ತಿದ. ಕೊಂಡಿ ಬಿದ್ದಿತ್ತು. ಮೂಗಿಗೆ ಸಣ್ಣಗೆ ಬಳ್ಳೊಳ್ಳಿ ವಾಸನೆ ಬಂತು. ಅದು ಗುಳಿಗೆಯ ವಾಸನೆ ಅಂತ ಕಾಳಿನ ವ್ಯಾಪಾರಿಯ ಮಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆಗ ಹೊಳೆಯಿತು. ಮನುಷ್ಯರ ದನಿ ನುಂಗುವ ಚೀಲ ಜೋರು ಮಾಡಿದ ಬೇಸಿನ ದನಿಯನ್ನು ಪೂರ್ತಿ ನುಂಗಲಾರದು. ಹೆಡ್‌ಫೋನಿನ ವೈರನ್ನೂ ಆಂಪಿನ ಪ್ಲಗ್ಗನ್ನೂ ಕಿತ್ತ. ಕೆಂಪು ದೀಪವೂ ಹೋಯಿತು. ಕಗ್ಗತ್ತಲಲ್ಲಿ ತಡವರಿಸುತ್ತ ಹೊತ್ತೊಯ್ದು, ಶೆಟರಿನ ಪಕ್ಕದ ಪ್ಲಗ್ಗಿಗೆ ಹಚ್ಚಿ, ಸ್ಪೀಕರನ್ನು ತಗಡಿಗೆ ಆನಿಸಿ, ಪೂರ್ತಿ ಜೋರು ಮಾಡಿದ. ಎಲ್ಲಕ್ಕಿಂತ ದಪ್ಪ ತಂತಿ ಎಳೆದ.

ಢುಂ... ತಗಡು ಗುಡುಗಿತು. ಇನ್ನೊಮ್ಮೆ. ಢುಂ... ಫರ್ರ್... ಉದಯಕುಮಾರನ ಮಾತು ನೆನಪಾಯಿತು, ಆದರೂ ಬಿಡಲಿಲ್ಲ. ಎಳೆದ, ಎಳೆದ. ಫರ್ರ್... ಚರಕ್. ಕಾಗದ ಹರಿಯಿತು. ದೀಪ ಆರಿತು. ಸುಟ್ಟ ವೈರಿನ ವಾಸನೆ. ಆಮೇಲೆ ಎಷ್ಟು ಎಳೆದರೂ ಬರೀ ತಂತಿಯ ಸದ್ದು, ಟಿಕ್... ಟಿಕ್...

ಅಲ್ಲೇ ಕುಸಿದ. ಕೆಮ್ಮು ಹತ್ತಿತು. ಅವ್ವನ ನೆನಪಾಗಿ ಅಳು ಬಂತು. ಗಿಟಾರನ್ನು ದೂರ ಸರಿಸಿ, ಆಂಪಿನ ಮೇಲೆ ತಲೆಯಿಟ್ಟ.

ಆಗ... ಆಂಪು ಬಡಿಯಿತು.

ಢಬ್.

ಅವನ ಕೈ ತಂತಿಯ ಮೇಲಿರಲಿಲ್ಲ. ಪ್ಲಗ್ ಕಿತ್ತ.

ಢಬ್... ಢಬ್.

ಒಳಗಿನಿಂದ ಯಾರೋ ಅಂಗೈಯಲ್ಲಿ ತಟ್ಟಿದ ಹಾಗೆ. ತಳದ ದನಿ, ತುಂಬು ದನಿ. ಆ ಸ್ಪೀಕರು ಹರಿಯುವ ಮೊದಲೂ ಅಂಥ ದನಿ ಕೊಟ್ಟಿರಲಿಲ್ಲ.

ದಾನವ್ವನ ಅಂಗಡಿಯಲ್ಲಿ ಚಹಾದ ಗ್ಲಾಸುಗಳು ಒಂದಕ್ಕೊಂದು ತಾಗಿ ಟಿಣಿಟಿಣಿ ಅಂದವು. ಚಹಾ ಕುಡಿಯುತ್ತ ಕೂತಿದ್ದ ಮಜೀದ ಗ್ಲಾಸು ಬಿಟ್ಟು ಎದ್ದು ಓಡಿದ. ಕೂಗಿದರೆ ಉತ್ತರ ಬರಲಿಲ್ಲ ಅಂತ ಅವನು ಅಂದದ್ದಕ್ಕೆ, ಹುಡುಗ ಆಗಲೇ ಹೊಳ್ಳಿ ಹೋದನೆಂದು ನಂಬಿದ್ದ ದಾನವ್ವ ಅವನ ಹಿಂದೆ. ಮಜೀದ ಹೊರಗಿನಿಂದ ಮೂರು ಸಲ ತಟ್ಟಿದ.

"ಒಳಗ ಯಾರರ ಅದೀರೇನು?"

ಶಿವಯೋಗೀಶ ಬಾಯಿ ತೆರೆದ. ಕೆಮ್ಮು ಬಂತೇ ಹೊರತು ಮಾತು ಹೊರಡಲಿಲ್ಲ. ಅವನ ಬೆನ್ನ ಹಿಂದೆ, ಕಿವಿಗೆ ತೀರ ಹತ್ತಿರ, ಯಾರೋ ನಿಧಾನಕ್ಕೆ ಅಂದರು:

"ಅದೇನಿ..."

ಟೇಪು ಹರಿದ ಸದ್ದು. ಶೆಟರ್ ಮೇಲೆದ್ದಿತು. ಮಜೀದ ಅವನ ರಟ್ಟೆ ಹಿಡಿದು ಹೊರಗೆಳೆದ. ಬಾವಿಕಟ್ಟೆಯ ಮೇಲೆ ಕೂಡ್ರಿಸಿ ನೀರು ಕುಡಿಸಿ, ಇವನು ಗಿಟಾರ್ ಬಾರಿಸಿದ್ದನ್ನು ಹೇಳಿದ ಮೇಲೆ ಮಜೀದ ಮೆಲ್ಲಗೆ ಕೇಳಿದ.

"ನೀ ಬಾರಿಸಿದ್ದು ನಮಗ ಕೇಳಲೇ ಇಲ್ಲ. ಆಮ್ಯಾಲೆ ಮೂರ ಪೆಟ್ಟ ಕೇಳಿತು. ಅದೇನಿ ಅಂದದ್ದು ನೀನಽ ಹೌದಿಲ್ಲೊ?"

"ನಾ ಅಂದಿಲ್ಲ ಕಾಕಾ... ಒಳಗ ಯಾರೋ ಅದಾರ."

ಗುಳಿಗೆ ಇಟ್ಟಾಗಿದೆ, ಶೆಟರನ್ನು ಮತ್ತೆ ಮುಚ್ಚಲೇಬೇಕು. ಮಜೀದ ಮೂಗಿಗೆ ವಸ್ತ್ರ ಕಟ್ಟಿಕೊಂಡು ಹೋದ. ಪದ್ಧತಿಯಂತೆ ಮೂರು ಸಲ ತಟ್ಟಿದ. ಕೂಗಿದ. ತಗಡಿಗೆ ಕಿವಿ ಹಚ್ಚಿದ.

"ಅದೇನಿ."

ಈ ಸಲ ಮೂವರಿಗೂ ಕೇಳಿತು. ದಾನವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ದನಿ ಆಕೆಗೆ ಗುರುತಿಲ್ಲದೆ ಇರುತ್ತದೆಯೇ? ಹೋಗಿ ಮಜೀದನ ತೋಳು ಹಿಡಿದಳು.

"ಹಾಕಬ್ಯಾಡ್ರಿ," ಅಂದಳು. ಅಷ್ಟೇ.

ಮಾರನೇ ದಿನ ಕುಬೇರಪ್ಪ ಸಿಟ್ಟಿನಿಂದ ಕುದಿಯುತ್ತ ಬಂದ, ತಾನೇ ಎಳೆಯುತ್ತೇನೆ ಅಂತ. ತಟ್ಟಿದ, ಕೂಗಿದ, ಕಿವಿ ಹಚ್ಚಿದ. ಉತ್ತರ ಕೇಳಿದ್ದೇ, ತಾನೇ ಒಂದು ಇಟ್ಟಂಗಿ ತಂದು ಅಡ್ಡ ಮಲಗಿಸಿ, ಪೂರ್ತಿ ಮುಚ್ಚದ ಹಾಗೆ ಶೆಟರನ್ನು ಅದರ ಮೇಲೆ ಇಳಿಸಿದ. ಅದೇ ವಾರ ಕಡಲೆಯನ್ನೆಲ್ಲ ಬೈರಿದೇವರಕೊಪ್ಪಕ್ಕೆ ಸಾಗಿಸಿದ. ಆ ಗೋದಾಮನ್ನು ಆಮೇಲೆ ಯಾರೂ ಬಾಡಿಗೆಗೆ ಹಿಡಿಯಲಿಲ್ಲ.

ಸುಳ್ಳು ಅಂದರೆ ಹೋಗಿ ನೋಡಿ ಬನ್ನಿ, ಬೈಪಾಸಿನಿಂದಲೇ ಕಾಣುತ್ತದೆ. ಜಂಗು ಹಿಡಿದ ಶೆಟರು, ಎತ್ತಬೇಕೆಂದರೆ ಇಬ್ಬರು ಗಟ್ಟಿ ಗಂಡಸರು ಬೇಕು. ಹೋದ ತಿಂಗಳು ನಾನೂ ಹೋಗಿದ್ದೆ. ದಾನವ್ವ ಅಲ್ಲೇ ಚಹಾ ಮಾಡುತ್ತಿದ್ದಳು. ಯಾರಾದರೂ ಮುಟ್ಟಿದರೇನವ್ವ ಅಂತ ಕೇಳಿದೆ, ಯಾರೂ ಹತ್ತಿರ ಸುಳಿದಿಲ್ಲ ಅಂದಳು.

ಕುಬೇರಪ್ಪ ಅಡ್ಡ ಮಲಗಿಸಿದ್ದ ಇಟ್ಟಂಗಿ ಈಗ ಶೆಟರಿನ ಕೆಳಗೆ ನೆಟ್ಟಗೆ ನಿಂತಿದೆ.