ಕಾಲಿಗೆ ಕಟ್ಟಿದ ದಾರ, ಜಪ್ತಿಯಾದ ಚಾಕು

ಹೆಸರು: ಎಲೆಬೆಸ್ ಟೊಕ್ಟೊಸುನೊವ್. ವಯಸ್ಸು: ೪೬. ಉದ್ಯೋಗ: ಕಾಲೇಜಿನಲ್ಲಿ ಭೂಗೋಳದ ಅಧ್ಯಾಪಕ. ವಾಸ: ನದಿ ಬೀದಿ, ಮನೆ ನಂ. ೧೯, ನಾರಿನ್ ಪಟ್ಟಣ.

ಹೋಟೆಲಿನವರು ಫೋನಿನಲ್ಲಿ ಕೊಟ್ಟ ದೂರಿನ ಸಂಬಂಧ ಚೊಲ್ಪೊನ್-ಅತಾ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನನ್ನ ತಂಗಿ ಬೆಗಿಮಾಯ್‌ಳ ಮಗಳು ಸೆಜಿಮ್‌ಗೆ ಹದಿನೇಳು ತಿಂಗಳು. ಇನ್ನೂ ನಡೆಯುವುದಿಲ್ಲ. ಕಾಲಿನಲ್ಲಿ ದೋಷವಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಆದರೂ ನೆರೆಯವರು ದಿನಾ ಕೇಳುತ್ತಾರೆಂದು ತಂಗಿ ಬೇಲಿಯ ಬಳಿ ಬಟ್ಟೆ ಒಣಹಾಕುವುದನ್ನೇ ಬಿಟ್ಟಿದ್ದಾಳೆ. ಇನ್ನು ತಡಮಾಡದೆ ದಾರ ಕತ್ತರಿಸುವ ಶಾಸ್ತ್ರ ಮಾಡಬೇಕು, ಅದೂ ನೆಂಟರೆಲ್ಲ ಸೇರಿ ಇಸ್ಸಿಕ್-ಕುಲ್ ಸರೋವರದ ದಂಡೆಯಲ್ಲೇ ಮಾಡಬೇಕು ಎಂದು ನಮ್ಮ ತಾಯಿ ಸೈಕಾಲ್ (೭೧) ತೀರ್ಮಾನಿಸಿದರು. ಮಗುವಿನ ಕಾಲುಗಳಿಗೆ ಕಪ್ಪು-ಬಿಳಿ ಉಣ್ಣೆಯ ದಾರ ಕಟ್ಟುವುದು, ದೂರದಿಂದ ಮಕ್ಕಳು ಓಡಿಬರುವುದು, ಮೊದಲು ಮುಟ್ಟಿದವರು ದಾರ ಕತ್ತರಿಸಿ ಮಗುವನ್ನು ನಡೆಸುವುದು ತಮಗೂ ತಿಳಿದದ್ದೇ. ದಾರ ಹೋದರೆ ದಾರಿ ತೆರೆಯುತ್ತದೆ.

ನಿನ್ನೆ ಸಂಜೆ ೬ಕ್ಕೆ ನಾವು ಹನ್ನೊಂದು ಮಂದಿ ಸದರಿ ಹೋಟೆಲಿಗೆ ಬಂದೆವು. (ಹೆಸರು ದೂರಿನಲ್ಲಿದೆ, ಇನ್ನೊಮ್ಮೆ ಬರೆಸಿ ಪ್ರಚಾರ ಕೊಡಲಾರೆ.) ಕಾದಿರಿಸಿದ್ದು ಮೂರು ಕೊಠಡಿ, ಕೊಟ್ಟದ್ದು ಒಂದು. ಕೊಠಡಿ ನಮಗೆ ಹಿಡಿಸಲಿಲ್ಲ. ಕೊಠಡಿಯಲ್ಲಿ ನಾವೂ ಹಿಡಿಸಲಿಲ್ಲ. ಸರೋವರ ಕಾಣುತ್ತದೆ ಎಂದಿದ್ದರು. ಕಂಡಿತು, ಗೋಡೆಗೆ ತೂಗುಹಾಕಿದ ಚಿತ್ರದಲ್ಲಿ. ನಲ್ಲಿ ತಿರುಗಿಸಿದರೆ ನೀರಿನ ಬದಲು ನಲ್ಲಿಯೇ ಕೈಗೆ ಬಂತು. ಅಡುಗೆಯವರು ಬೇರೆಯವರ ಮದುವೆಯಲ್ಲಿ ಮುಳುಗಿದ್ದರಿಂದ, ತಾಯಿ ಹಿಟ್ಟು ಕಲಸಿ ಕರಿದು ತಂದಿದ್ದ ಬೊರ್ಸೋಕ್ ತಿಂದು ಮಲಗಿದೆವು.

ಇಂದು ಬೆಳಿಗ್ಗೆ ೧೦ಕ್ಕೆ ಇಳಿದು ನೋಡಿದರೆ, ನಮಗೆ ಗೊತ್ತುಮಾಡಿದ್ದ ಹುಲ್ಲುಹಾಸಿನ ಮೇಲೆ ಅದೇ ಮದುವೆಯ ಡೇರೆ ಎದ್ದಿತ್ತು. ಊಟವಂತೂ ಇರಲಿಲ್ಲ, ಈಗ ಓಟವೂ ಇಲ್ಲ. ಮ್ಯಾನೇಜರ್ ಕುಬಾನಿಚ್ (ಸುಮಾರು ೩೦) ಅವರನ್ನು ಕೇಳಲಾಗಿ, ಸಂಜೆ ನೋಡೋಣ ಅಣ್ಣಾ ಎಂದರು. ಸಂಜೆ ಏನು ನೋಡೋದಪ್ಪಾ ಎಂದಿದ್ದಕ್ಕೆ, ಸರೋವರ ಎಂದರು. ತಂಗಿ ಮಗುವನ್ನೆತ್ತಿಕೊಂಡು, ಊರಿಗೆ ಹೋಗೋಣ, ನನ್ ಮಗಳ ಹಣೇಲಿ ನಡಿಗೆ ಬರ್ದಿಲ್ಲ ಎಂದು ಅತ್ತಳು. ಹಣೇಲಿ ಯಾಕೆ ಬರೀತಾರೆ, ನಡಿಯೋದು ಕಾಲಲ್ಲಿ, ಸುಮ್ನಿರು ಎಂದು ತಾಯಿ ಗದರಿ, ಓಟ ಎರಡನೇ ಮಹಡಿಯ ಕಾರಿಡಾರಿನಲ್ಲೇ ಎಂದು ಅಪ್ಪಣೆ ಮಾಡಿದರು.

೧೧ಕ್ಕೆ ಒಂದು ತುದಿಯಲ್ಲಿ ಮಗುವನ್ನು ಹಿಡಿದು ನಿಲ್ಲಿಸಿ, ಇನ್ನೊಂದು ತುದಿಯಿಂದ ನೆಂಟರ ಮಕ್ಕಳನ್ನು ಬಿಟ್ಟೆವು. ಅಂತರ ಅಂದಾಜು ೩೦ ಮೀಟರ್. ಸದ್ದು ಕೇಳಿ ಮೇಲೆ ಬಂದ ಮ್ಯಾನೇಜರ್, ನಿಲ್ರೋ, ಕಾರ್ಪೆಟ್ ಹೊಸದು! ಎಂದು ಕೂಗುತ್ತ ಮಕ್ಕಳನ್ನು ತಡೆಯಲು ಓಡಿ, ನಡುವೆ ಹೂದಾನಿಯೊಂದನ್ನು ಬೀಳಿಸಿ, ಎಲ್ಲರನ್ನೂ ಹಿಂದೆ ಹಾಕಿ, ಮಗುವಿನ ಮುಂದೆ ಮುಗ್ಗರಿಸಿ ಮೊದಲಿಗರಾಗಿ ಬಂದರು. ಆದ್ದರಿಂದ ಹೂದಾನಿ ನಾವು ಒಡೆದೆವೆಂಬ ದೂರು ಸರಿಯಲ್ಲ.

ತಾಯಿ ಚಾಕು ನೀಡಿ, ಗೆದ್ದೋನು ನೀನೇ ಕಣಪ್ಪಾ, ಕತ್ತರಿಸು ಎಂದರು. ನಾನು ತಡೆಯೋಕೆ ಬಂದಿದ್ದಜ್ಜೀ ಎಂದು ಅವರು ಬೇಡಿಕೊಂಡರು. ಬಂದ್ಯಲ್ಲ, ಸಾಕು, ಮಗು ನಿನ್ ಹಾಗೆ ಓಡ್ಲಿ, ನಿನ್ ಹಾಗೆ ಕೊಠಡಿ ಲೆಕ್ಕ ಮಾತ್ರ ಹಾಕ್ದೆ ಇರ್ಲಿ ಎಂದರು ತಾಯಿ. ಮ್ಯಾನೇಜರೂ ಈ ನೆಲದವರೇ. ಗೆದ್ದವನು ಒಲ್ಲೆ ಎನ್ನುವಂತಿಲ್ಲ ಎಂದು ಬಲ್ಲರು. ಮಂಡಿಯೂರಿದರು. ಹೂದಾನಿ ಒಡೆದ ಸದ್ದಿಗೇ ಕೆಳಗಿನಿಂದ ಹೋಟೆಲಿನವರು ಫೋನ್ ಮಾಡಿದ್ದರಿಂದ ಅಷ್ಟರಲ್ಲಿ ಬಂದ ತಮ್ಮ ಪೇದೆಗೆ ಮೊದಲು ಕಂಡದ್ದು ಮಗುವಿನ ಬಳಿ ಚಾಕು ಹಿಡಿದ ಮನುಷ್ಯ. ದಾರ ಆಮೇಲೆ ಕಂಡಿತು. ಅಷ್ಟು ಹೊತ್ತಿಗೆ ಚಾಕು ಲಕೋಟೆ ಸೇರಿ ಮೊಹರು ಬಿದ್ದಿತ್ತು.

ಗೆದ್ದವನ ಕೈಗಿತ್ತ ಚಾಕುವನ್ನು ಬದಲಿಸುವಂತಿಲ್ಲ, ದಾರ ಬಿಚ್ಚುವಂತೆಯೂ ಇಲ್ಲ ಎಂದು ತಾಯಿ ಪಟ್ಟು ಹಿಡಿದರು. ಹೀಗಾಗಿ ಮಗುವನ್ನು ದಾರ ಸಮೇತ ಹೊತ್ತು ತಂದಿದ್ದೇವೆ. ಮ್ಯಾನೇಜರ್ ಹೊರಗೆ ಬೆಂಚಿನ ಮೇಲೆ ಮಗುವಿನ ಕೈಗೆ ಬೆರಳು ಕೊಟ್ಟು ಕೂತಿದ್ದಾರೆ. ಚಾಕುವನ್ನು ಒಂದು ನಿಮಿಷದ ಮಟ್ಟಿಗೆ ಕೊಡಬೇಕಾಗಿ ಕೋರುತ್ತೇನೆ.

(೧೨-೪೦ಕ್ಕೆ ಹೇಳಿಕೆ ನಿಲ್ಲಿಸಿ, ೧೨-೫೫ಕ್ಕೆ ಮುಂದುವರಿಸಲಾಯಿತು.)

ಈ ನಡುವೆ ತಮ್ಮ ಸಮಕ್ಷಮ ಮ್ಯಾನೇಜರ್ ದಾರ ಕತ್ತರಿಸಿದರು. ಮಗು ಅವರ ಬೆರಳು ಹಿಡಿದು ನಿಂತಿತು. ಕುಳಿತುಬಿಟ್ಟಿತು. ಮತ್ತೆ ಎದ್ದಿತು. ಬೆರಳು ಬಿಟ್ಟಿತು. ತಮ್ಮ ಮೇಜಿನವರೆಗೆ ಬಂದದ್ದನ್ನು ತಾವೇ ನೋಡಿದ್ದೀರಿ, ಬೇರೆ ಸಾಕ್ಷಿ ಬೇಡ. ತಂಗಿ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮ್ಯಾನೇಜರ್ ಮೂಗೊರೆಸಿಕೊಂಡು, ದೂರು ವಾಪಸ್, ನಾಳೆ ಹುಲ್ಲುಹಾಸು ನಿಮ್ಗೇ ಎಂದರು. ಮೊದ್ಲು ನೀರು ಬಿಡಪ್ಪಾ ಎಂದರು ತಾಯಿ.

ಮೇಲೆ ಬರೆಸಿದ್ದೆಲ್ಲ ನಿಜವಾಗಿ ನಡೆದದ್ದು. ಪೂರ್ತಿ ಓದಿ ನೋಡಲು ಬಿಡುವಿಲ್ಲ, ಓದದೆಯೇ ಸಹಿ ಮಾಡಿದ್ದೇನೆ. ಮಗು ಠಾಣೆಯ ಬಾಗಿಲು ದಾಟುತ್ತಿದೆ, ಹಿಡಿಯಬೇಕು.

ಸ್ಥಳ: ಚೊಲ್ಪೊನ್-ಅತಾ
ದಿನಾಂಕ: ೧೪ ಜುಲೈ
(ಸಹಿ) ಎ. ಟೊಕ್ಟೊಸುನೊವ್